ಟೈರಿನ ಗಾಳಿ ಬಿಟ್ಟದ್ದು

ಆಗ ನನ್ನ ಟ್ಯಾಕ್ಸಿಗೆ ಹತ್ತು ಜನ ಹತ್ತುತ್ತಿದ್ದರು. ಹಾಗಾಗಿ ಟೈರುಗಳಿಗೆ ಕಲ್ಲಿನಂತೆ ಗಾಳಿ ತುಂಬಿಸುತ್ತಿದ್ದೆ. ಒಂದು ದಿನ ಕಣ್ಣಿನ ಆಪರೇಷನ್ ಆದ ಅಜ್ಜಿಯೊಬ್ಬರನ್ನು ಮೂಡುಬಿದಿರೆಯಿಂದ ವೇಣೂರಿಗೆ ಬಿಡಬೇಕಿತ್ತು. ತಲೆ ಅಲುಗಿದರೆ ಕಣ್ಣು ಹೋದೀತೆಂದು ಡಾಕ್ಟರು ಎಚ್ಚರಿಸಿದ್ದರು. ನಾನು ಬಿಸ್ಮಿಲ್ಲಾ ಎಂದು ನಾಲ್ಕೂ ಟೈರಿನಿಂದ ಸ್ವಲ್ಪ ಸ್ವಲ್ಪ ಗಾಳಿ ಬಿಟ್ಟೆ.

“ಎಂಥ ಮಾರಾಯ, ಇದ್ದ ಗಾಳಿಯನ್ನೂ ತೆಗೆಯುವುದಾ? ದಾರಿಯಲ್ಲಿ ಕಾರು ಕೂತರೆ ಅಮ್ಮನನ್ನು ನೀನು ಹೊರುತ್ತೀಯಾ?” ಎಂದು ಅಜ್ಜಿಯ ಮಗ ರೇಗಿದರು.

“ದೇವರಿದ್ದಾನೆ ಶೆಟ್ರೇ, ಹತ್ತಿ. ಇವತ್ತು ಮೂರೇ ಜನ ಅಲ್ವಾ?”

ರಸ್ತೆಯ ಹೊಂಡಗಳನ್ನೆಲ್ಲ ಮೆತ್ತಗಾದ ಟೈರುಗಳೇ ನುಂಗಿಕೊಂಡವು. ಮನೆಯಂಗಳದಲ್ಲಿ ಕಾರು ನಿಂತಾಗ ಅಜ್ಜಿ ಗೊರಕೆ ಹೊಡೆಯುತ್ತಿದ್ದರು. ಎದ್ದವರೇ, “ಎಲ್ಲ ನಮ್ಮ ದೈವದ ಕೃಪೆ” ಎಂದರು. ನಾನು ಶುಕ್ರ್ ಎಂದು ನನ್ನ ಅಲ್ಲಾಹನಿಗೆ ಕೃತಜ್ಞತೆ ಹೇಳಿದೆ. ಹೊಗಳಿಕೆ ಮೇಲಿನವನಿಗೇ ಸಲ್ಲಲಿ. ಮರುದಿನದ ಹತ್ತು ಜನಕ್ಕಾಗಿ ಮತ್ತೆ ಪಂಪು ಒತ್ತಿ ತೋಳು ನೋಯಿತಲ್ಲ, ಆ ನೋವಿನ ಹೆಮ್ಮೆ ಮಾತ್ರ ನನಗಿರಲಿ.