ಅಕ್ಕನ ಜೀಪಿಗೆ ಫ್ಯಾನ್ ಸ್ವಿಚ್

ಸ್ವಿಚ್ ಕೆಂಪು ಬಣ್ಣದ್ದು ಎಂದು ಮೊದಲು ಬರೆದಿದ್ದೆ. ಈಗ ಹೊಡೆದುಹಾಕಿದ್ದೇನೆ. ಮೊನ್ನೆ ಗುತ್ತಿಗಾರಿಗೆ ಹೋದಾಗ ನೋಡಿದೆ, ಅದು ಕಪ್ಪು. ಕೈಯಾರೆ ಕೂರಿಸಿದ ಸ್ವಿಚ್ಚಿಗೇ ಬೇರೆ ಬಣ್ಣ ಬಳಿದಿಡುವ ನೆನಪು, ಉಳಿದದ್ದನ್ನು ಎಷ್ಟು ಸರಿಯಾಗಿ ಹೇಳೀತು? ಆ ಭಾನುವಾರದ ಖುಷಿಯನ್ನು ಮಾತ್ರ ನಂಬುತ್ತೇನೆ.

ಜೀಪು ಅಕ್ಕನದು. ಗುತ್ತಿಗಾರಿನ ಆಚೆ, ಗುಡ್ಡದ ಮೇಲೆ ಅವಳ ಮನೆ ಮತ್ತು ರಬ್ಬರ್ ತೋಟ. ಕೆಳಗೆ ಹರಿಯುವ ತೋಡು. ಅದನ್ನು ದಾಟಿದ ಕೂಡಲೇ ಏರು. ಏರಿನ ಅರ್ಧದಲ್ಲಿ ಜೀಪು ಕುದಿಯುತ್ತಿತ್ತು. ಅಲ್ಲಿ ಒಂದು ಕಲ್ಲು ಇದೆ. ಎಂಜಿನ್ ತಣಿಯುವವರೆಗೆ ಅಕ್ಕ ಆ ಕಲ್ಲಿನ ಮೇಲೆ ಕೂತು ಫೋನಿನಲ್ಲಿ ನಮ್ಮನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದಳು. ಕೊನೆಗೆ ಅವಳಿಗೂ ಸಾಕಾಯಿತು. ಜೀಪು ಕೊಳ್ಳಲು ರಾಮಕುಂಜದಿಂದ ಒಬ್ಬರು ಭಾನುವಾರ ಬರುತ್ತಾರೆ ಎಂದಳು.

ನಾನು ಡ್ರೈವಿಂಗ್ ಕಲಿತ ಜೀಪು ಅದು. "ಕೊಡ್ಬೇಡ ಅಕ್ಕಾ," ಎಂದೆ.

"ನಿನಗೆಂತ, ಪುತ್ತೂರಲ್ಲಿ ಫ್ಯಾನಿನ ಅಡಿ ಕೂತು ಹೇಳ್ತಿ. ನನ್ನ ಅರ್ಧ ಆಯುಷ್ಯ ಈ ಕಲ್ಲಿನ ಮೇಲೆ ಹೋಯ್ತು. ಒಂದು ಕೆಲಸ ಮಾಡು. ಆ ಜನದ ಎದುರು ಜೀಪನ್ನು ಕುದಿಸದೆ ಮನೆವರೆಗೆ ಹತ್ತಿಸು. ಹತ್ತಿದ್ರೆ ಇಟ್ಕೊಳ್ತೇನೆ. ಇಲ್ಲದಿದ್ರೆ ಅವರು ತಕೊಂಡು ಹೋಗ್ಲಿ."

ಜೀಪನ್ನು ಪುತ್ತೂರಿಗೆ ತಂದೆ. ಅಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟಿರುವ ಬ್ಯಾರಿ ಗೆಳೆಯನೊಬ್ಬ ನನಗಿದ್ದಾನೆ. ಶಾಲೆಯಲ್ಲಿ ಒಂದೇ ಬೆಂಚು. ದುಬೈಯ ಮರಳಿನಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಗಾಡಿ ಓಡಿಸಿ ಬಂದವನು. ಬಾನೆಟ್ ಎತ್ತಿ ನೋಡಿ ನಕ್ಕ.

"ಇದರ ಫ್ಯಾನು ಎಂಜಿನ್ನಿಗೆ ಕಟ್ಟಿದ್ದಲ್ವಾ. ಏರಲ್ಲಿ ಎಂಜಿನ್ ತೆವಳುವಾಗ ಫ್ಯಾನೂ ತೆವಳ್ತದೆ. ಅದನ್ನು ತೆಗೆದು ಕರೆಂಟಿನ ಫ್ಯಾನ್ ಹಾಕುವ. ಸ್ವಿಚ್ ನಿನ್ನ ಕೈಯಲ್ಲಿ."

"ತಾನಾಗಿ ಆನ್ ಆಗುವಂಥದ್ದು ಉಂಟಲ್ಲ?"

"ಉಂಟು. ತೋಡಿನ ಮಧ್ಯದಲ್ಲಿ ತಾನಾಗಿ ಆನ್ ಆದ್ರೆ ನೀರಿಗೆ ಹೊಡೆದು ರೆಕ್ಕೆ ಮುರೀತದೆ. ನೀರಲ್ಲಿ ಆಫ್, ಏರಲ್ಲಿ ಆನ್. ಅದು ಮನುಷ್ಯನೇ ಮಾಡ್ಬೇಕು."

ಬ್ಯಾಟರಿಯಿಂದ ನೇರ ಸ್ವಿಚ್ಚಿಗೆ, ಅಲ್ಲಿಂದ ಫ್ಯಾನಿಗೆ ವೈರ್ ಎಳೆದರೆ ಸಾಕಲ್ಲವೇ ಎಂದು ಕೇಳಿದೆ.

"ಎಳಿ ಮಾರಾಯ. ಸ್ವಿಚ್ ಕರಗಿ ನಿನ್ನ ಪ್ಯಾಂಟಿಗೆ ಬೀಳುವಾಗ ನನ್ನನ್ನು ಕರೀಬೇಡ."

ಹಾಗಾಗಿ ಫ್ಯಾನಿನ ಭಾರೀ ಕರೆಂಟು ಸ್ವಿಚ್ಚಿನೊಳಗೆ ಹೋಗದಂತೆ ಮಧ್ಯೆ ಒಂದು ರಿಲೇ ಬಂತು. ಬ್ಯಾಟರಿಯ ಹತ್ತಿರ ಫ್ಯೂಸ್, ಅಲ್ಲಿಂದ ದಪ್ಪ ವೈರ್ ರಿಲೇಗೆ, ರಿಲೇಯಿಂದ ಫ್ಯಾನಿಗೆ. ಸ್ವಿಚ್ಚಿನಿಂದ ರಿಲೇಗೆ ಹೋಗುವುದು ಬರೀ ಸಣ್ಣ ವೈರ್. ಅರ್ಥಿಂಗ್ ಕೊಡುವ ಬೋಲ್ಟಿನ ಸುತ್ತ ಬಣ್ಣ ಕೆರೆದು ಕಬ್ಬಿಣ ಹೊಳೆಯಿಸಿದೆ. ಸ್ವಿಚ್ ಒತ್ತಿದಾಗ ಒಳಗೆಲ್ಲೋ ಟಿಕ್ ಎಂದು, ಹಿಂದೆಯೇ ಫ್ಯಾನು ಗುಂಯ್ ಎಂದಿತು. ನಾವಿಬ್ಬರೂ ಸರದಿಯಂತೆ ಒತ್ತಿದೆವು. ಅಗತ್ಯಕ್ಕಿಂತ ತುಂಬಾ ಹೆಚ್ಚು ಸಲ ಒತ್ತಿದೆವು.

ಭಾನುವಾರ ಇಬ್ಬರೂ ಹೊರಟೆವು. ರಾಮಕುಂಜದವರು ಆಗಲೇ ಮೇಲೆ ಮನೆಯ ಅಂಗಳದಲ್ಲಿ ನಿಂತಿದ್ದರು. ತೋಡಿನ ಬಳಿ ಸ್ವಿಚ್ ಆಫ್ ಮಾಡಿ ನೀರಿಗಿಳಿದೆವು. ದಾಟಿ ಆನ್ ಮಾಡಿದೆವು. ಫ್ಯಾನು ತಿರುಗಿತು. ಆದರೂ ಶಾಖದ ಮುಳ್ಳು ಏರತೊಡಗಿತು. ಸರಿಯಾಗಿ ಅದೇ ಕಲ್ಲಿನ ಪಕ್ಕ ಜೀಪು ಉಸ್ಸೆಂದು ಹಬೆ ಬಿಟ್ಟಿತು.

ಗೆಳೆಯ ಫ್ಯೂಸ್ ಮುಟ್ಟಿ ನೋಡಿದ. ನಾನು ರಿಲೇ ಅಲುಗಾಡಿಸಿದೆ. ಫ್ಯಾನು ನಮ್ಮ ಮುಖಕ್ಕೇ ಬಿಸಿಗಾಳಿ ಊದುತ್ತಿತ್ತು. ಅಷ್ಟರಲ್ಲಿ ಅಕ್ಕ ಮೇಲಿನಿಂದ ನಡೆದು ಬಂದಳು, ಹಿಂದೆ ರಾಮಕುಂಜದವರು. ಅಕ್ಕ ಬಾನೆಟ್ಟಿನ ಒಳಗೆ ಇಣುಕಲೇ ಇಲ್ಲ. ಜೀಪಿನ ಎದುರು ನಿಂತು ಕೇಳಿದಳು:

"ಇದರ ಮೂತಿಗೆ ಎಂತ ಹಾಳೆ ಕಟ್ಟಿದ್ದು?"

ನಮ್ಮ ಕಡೆ ಜೀಪಿನವರು ತುಂಬಿದ ತೋಡು ದಾಟುವ ಮುಂಚೆ ನೀರು ಎಂಜಿನ್ನಿಗೆ ಎರಚದಂತೆ ರೇಡಿಯೇಟರಿನ ಎದುರು ಅಗಲವಾದ ಅಡಿಕೆ ಹಾಳೆ ಕಟ್ಟುವುದುಂಟು. ದಾಟಿದ ಮೇಲೆ ಬಿಚ್ಚುತ್ತಾರೆ. ಫ್ಯಾನ್ ಆಫ್ ಮಾಡುವ ಸ್ವಿಚ್ ಬಂದ ಮೇಲೆ ಅದು ಬೇಕಾಗಿಯೇ ಇರಲಿಲ್ಲ. ಆದರೂ ತೋಡಿನ ಬಳಿ ಯಾರದೋ ಕೈ ಅಭ್ಯಾಸಬಲದಿಂದ ಅದನ್ನು ಕಟ್ಟಿತ್ತು. ಗಾಳಿ ಬರುವ ಬಾಗಿಲು ಮುಚ್ಚಿ ನಾವು ಫ್ಯಾನ್ ಹಾಕಿದ್ದೆವು. ಕಟ್ಟಿದ್ದು ಅವನು ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ನಾನು ಎಂದು ಅವನಿಗೆ ಅಷ್ಟೇ ಸ್ಪಷ್ಟವಾಗಿ ನೆನಪಿದೆ.

"ಮರಳಲ್ಲಿ ಹಾಳೆ ಎಲ್ಲಿ ಉಂಟು ಅಕ್ಕಾ? ಇದು ನಿಮ್ಮ ತಮ್ಮನ ಕೆಲಸವೇ," ಎಂದ ಗೆಳೆಯ.

"ಇಬ್ಬರೂ ಬದಿಗೆ ನಿಲ್ಲಿ," ಎಂದಳು ಅಕ್ಕ.

ಹಾಳೆ ಬಿಚ್ಚಿ ಎಸೆದು, ಎಂಜಿನ್ ತಣಿದ ಮೇಲೆ ನೀರು ತುಂಬಿಸಿ, ಜೀಪನ್ನು ಹಿಂದಕ್ಕೆ ಇಳಿಸಿಕೊಂಡು ಹೋಗಿ, ತೋಡಿನಿಂದಲೇ ಮತ್ತೆ ಹೊರಟಳು. ನೀರಿನಲ್ಲಿ ಆಫ್. ದಡದಲ್ಲಿ ಆನ್. ಕಲ್ಲಿನ ಹತ್ತಿರ ನಿಂತಿದ್ದ ನಮ್ಮನ್ನು ನೋಡಿಯೂ ನೋಡದಂತೆ ದಾಟಿ ಹೋದಳು. ಮೇಲಿನಿಂದ ಉದ್ದನೆಯ ಹಾರ್ನ್ ಕೇಳಿಸಿತು. ಗೆಳೆಯ ನನ್ನ ಬೆನ್ನಿಗೆ ಗುದ್ದಿದ. ಆ ಗುದ್ದು ನೋಯಲಿಲ್ಲ, ಅಥವಾ ಮರುದಿನ ನೋಯಿತು.

ನಾವು ಹತ್ತಿ ಬರುವಾಗ ಜೀಪು ಅಂಗಳದಲ್ಲಿ ಶಾಂತವಾಗಿತ್ತು. ನಮ್ಮೊಂದಿಗೆ ನಡೆದು ಸೋತ ರಾಮಕುಂಜದವರು ಜಗಲಿಯಲ್ಲಿ ಕೂತು ಅದೇ ಹಾಳೆಯಿಂದ ಗಾಳಿ ಬೀಸಿಕೊಳ್ಳತೊಡಗಿದರು. ಇಷ್ಟು ಚೆನ್ನಾಗಿ ಹೊಂದುವ ಚಿತ್ರವನ್ನು ನಾನೇ ಸೇರಿಸಿರಬಹುದು.

"ಕೊಡುದಿಲ್ಲ ಮಾರಾಯ್ರೆ, ಬೇಜಾರು ಮಾಡ್ಬೇಡಿ. ಚಾ ಕುಡೀರಿ," ಎಂದಳು ಅಕ್ಕ.

ಆಮೇಲೆ ಅವಳ ಫೋನು ಬರುವುದು ಕಡಿಮೆಯಾಯಿತು. ಮೊನ್ನೆ ಹೋದಾಗ ದೂರಿದೆ.

"ಆ ಕಲ್ಲಿನ ಹತ್ತಿರ ಮಾತ್ರ ರೇಂಜ್ ಬರುದು," ಎಂದಳು. "ಜೀಪು ಈಗ ಅಲ್ಲಿ ನಿಲ್ಲುದೇ ಇಲ್ಲ. ಮತ್ತೆ ಎಲ್ಲಿಂದ ಫೋನ್ ಮಾಡುದು?"