ಅಕ್ಕನ ಕುಂಡದ ಎರೆಹುಳು

ಮಲ್ಲಿಗೆ ಗಿಡವನ್ನು ದೊಡ್ಡ ಕುಂಡಕ್ಕೆ ಬದಲಿಸುತ್ತಿದ್ದೆ. ಬೇರಿನ ಮಣ್ಣಿನಿಂದ ಕಪ್ಪನೆಯ ಎರೆಹುಳುವೊಂದು ಜಾರಿ ನನ್ನ ಅಂಗೈಗೆ ಬಿತ್ತು. ನೋಡುತ್ತಿದ್ದಂತೆ ಅದು ಪುಟ್ಟ ನಾಲಗೆ ಚಾಚಿತು! ಕೈ ಕೊಡವಿ ಕೂಗಿಕೊಂಡೆ.

ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದ ಪಕ್ಕದ ಮನೆಯ ರೀಟಾ ಟೀಚರ್ ಓಡಿ ಬಂದು, ಅದನ್ನು ಎಲೆಯ ಮೇಲೆ ಎತ್ತಿಕೊಂಡು ನಕ್ಕರು.

"ಕುರುಡು ಹಾವು ಕಣಮ್ಮ, ವಿಷ ಇಲ್ಲ. ಇರುವೆ ಮೊಟ್ಟೆ, ಗೆದ್ದಲು ತಿನ್ಕೊಂಡು ಮಣ್ಣೊಳಗೇ ಇರುತ್ತೆ. ಇದ್ರಲ್ಲಿ ಗಂಡೇ ಇಲ್ಲ, ಒಂಟಿ ಹೆಣ್ಣೇ ಮೊಟ್ಟೆ ಇಟ್ಟು ಮರಿ ಮಾಡುತ್ತೆ. ಕುಂಡದ ಜೊತೆಗೇ ಬಂದ್ಬುಟ್ಟಿದೆ ನೋಡಿ."

ಮಲ್ಲಿಗೆಯ ಆ ಹಳೆಯ ಕುಂಡ ಬಂದದ್ದು ಸರಸ್ವತಿಪುರಂನ ಅಕ್ಕನ ಮನೆಯಿಂದ, ಹೋದ ವರ್ಷ ಅವಳು ತೀರಿಕೊಂಡ ಮೇಲೆ. ಹಾವು ಅಂದರೆ ಸಾಕು, ಕಿರುಚಿ ಮಂಚ ಹತ್ತುತ್ತಿದ್ದಳು ಅಕ್ಕ. ಆದರೆ ಪ್ರತಿ ಸಲ ಮಣ್ಣು ಬದಲಿಸುವಾಗ ಇಂಥವನ್ನೇ ಬರಿಗೈಯಲ್ಲಿ ಎತ್ತಿ, "ಪಾಪ, ಎರೆಹುಳ ಕಣೇ, ಗಿಡಕ್ಕೆ ಒಳ್ಳೇದು" ಎಂದು ಮತ್ತೆ ಬೇರಿನ ಬಳಿ ಬಿಡುತ್ತಿದ್ದಳು.

ನಾನೂ ಅದನ್ನು ಅಲ್ಲೇ ಬಿಟ್ಟಿದ್ದೇನೆ. ಗಿಡಕ್ಕೆ ನೀರು ಹಾಕುವಾಗಲೆಲ್ಲ ಒಂದೇ ಆಸೆ. ಈ ಸುದ್ದಿಯನ್ನು ಅಕ್ಕನಿಗೆ ಹೇಳಬೇಕು, ಅವಳು ಕಿರುಚಿ ಮಂಚ ಹತ್ತುವುದನ್ನು ಇನ್ನೊಂದೇ ಒಂದು ಸಲ ನೋಡಬೇಕು.