ಬಾಟಲಿ ತೊಳೆಯುವವರ ತಪ್ಪಿನ ಪುಸ್ತಕ

ಬೆಳಗಿನ ಆರು ಗಂಟೆ. ಕಾಲೇಜಿನ ಜೀವವಿಜ್ಞಾನ ಪ್ರಯೋಗಾಲಯದಲ್ಲಿ ಒಂದೇ ದೀಪ ಉರಿಯುತ್ತಿದೆ. ಸಿಂಕಿನ ಮುಂದೆ ನಿಂತ ಅಟೆಂಡರ್ ಅಕ್ಕ ಗಾಜಿನ ಬಾಟಲಿಗಳನ್ನು ಉಜ್ಜುತ್ತಲೇ, ಹಿಂದೆ ಸ್ಟೂಲಿನ ಮೇಲೆ ಕೂತ ಹುಡುಗಿಯನ್ನು ಪ್ರಶ್ನಿಸುತ್ತಿದ್ದಾರೆ. ಅಕ್ಕನ ಬಗ್ಗೆ ಬರೆಯಲು ಬಂದ ನಾನು ಬಾಗಿಲ ಬಳಿ ಕೂತಿದ್ದೇನೆ.

"ಆರು ವಾರ ಜೀವಕೋಶ ಸತ್ತಿದ್ದು ಯಾಕೆ?"

"ನನ್ನ ತಪ್ಪಿಂದ ಅಕ್ಕ."

"ತಲೆ ತಗ್ಗಿಸ್ಕೊಂಡು ಹೇಳ್ಬೇಡ. ನೀನೇನು ಕಳ್ತನ ಮಾಡಿಲ್ಲ. ಇನ್ನೊಂದ್ಸಲ ಹೇಳು."

ಸ್ನಾತಕೋತ್ತರ ಪದವಿ ಮುಗಿಸುತ್ತಿರುವ ಈ ಹುಡುಗಿಗೆ ಇಂದು ಹತ್ತು ಗಂಟೆಗೆ ಸಂಶೋಧನಾ ಸಂಸ್ಥೆಯೊಂದರಲ್ಲಿ ಪಿಎಚ್.ಡಿ. ಸಂದರ್ಶನ. ಅವಳ ಅಮ್ಮ ನಾಲ್ಕು ಮನೆಗಳಲ್ಲಿ ನೆಲ ಒರೆಸುತ್ತಾರೆ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಇವಳೊಬ್ಬಳೇ. ಇಂಥವರನ್ನೇ ಹುಡುಕಿ ಅಕ್ಕ ಹದಿನಾಲ್ಕು ವರ್ಷಗಳಿಂದ ಬೆಳಗಿನ ಪಾಠ ನಡೆಸುತ್ತಿದ್ದಾರೆ. ದಿನಕ್ಕೆ ಮುನ್ನೂರು ಬಾಟಲಿ ತೊಳೆಯುವುದು ಅವರ ಹುದ್ದೆ. ಇಲ್ಲಿಂದ ಹೋದ ಹನ್ನೊಂದು ಮಂದಿ ಇಂದು ಕ್ಷಯ, ಕ್ಯಾನ್ಸರ್, ಮಧುಮೇಹದ ಸಂಶೋಧನೆಯಲ್ಲಿದ್ದಾರೆ ಎಂಬುದು ಕಾಲೇಜಿನ ಯಾವ ಕಡತದಲ್ಲೂ ಇಲ್ಲ.

ಅಕ್ಕನ ಪಾಠದಲ್ಲಿ ಕಡ್ಡಾಯ ಒಂದೇ: ತಪ್ಪಿನ ಪುಸ್ತಕ. ಕೆಟ್ಟುಹೋದ ಪ್ರಯೋಗಗಳನ್ನಷ್ಟೇ ಅದರಲ್ಲಿ ಬರೆಯಬೇಕು, ಅದೂ ಪೆನ್ನಿನಲ್ಲಿ. "ಓದಿದವರ ಮನೆ ಮಕ್ಕಳು 'ಕೆಟ್ಟೋಯ್ತು' ಅಂತ ಆರಾಮಾಗಿ ಹೇಳ್ತಾರೆ. ನಮ್ಮ ಮಕ್ಕಳು ಲೋಟ ಒಡೆದ್ರೆ ಚೂರು ಮುಚ್ಚಿಡೋದನ್ನ ಕಲಿತು ಬಂದಿರ್ತಾರೆ. ಇಲ್ಲಿ ಅದು ನಡೆಯಲ್ಲ."

ಇದು ಸುಟ್ಟುಕೊಂಡು ಕಲಿತ ಮಾತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಓದು ಮುಗಿಸಿ ಅವರೂ ಇಂಥದೇ ಸಂದರ್ಶನಕ್ಕೆ ಹೋಗಿದ್ದರು. ಪ್ರಯೋಗದಲ್ಲಿ ಏನು ಕೆಟ್ಟಿತು ಎಂದು ಕೇಳಿದಾಗ ಏನೂ ಕೆಡಲಿಲ್ಲ ಎಂದರು. ಅದು ಸುಳ್ಳೆಂದು ತಿಳಿದ ಸಂದರ್ಶಕರು ಐದೇ ನಿಮಿಷಕ್ಕೆ ಹೊರಗೆ ಕಳಿಸಿದರು. ಅದೇ ವರ್ಷ ಅಪ್ಪ ಹಾಸಿಗೆ ಹಿಡಿದರು, ಸಿಕ್ಕಿದ್ದು ಈ ಕೆಲಸ. "ಈಗಲೂ ಹೊಟ್ಟೆ ಉರಿಯುತ್ತೆ" ಎನ್ನುತ್ತ ಇನ್ನೊಂದು ಬಾಟಲಿ ಎತ್ತಿಕೊಳ್ಳುತ್ತಾರೆ.

ಹುಡುಗಿಯ ತಪ್ಪು ಅವಳ ಮನೆಯಿಂದಲೇ ಬಂದದ್ದು. ಜೀವಕೋಶ ಬೆಳೆಸುವ ಬೆಚ್ಚನೆಯ ಪೆಟ್ಟಿಗೆಯ ತಳದಲ್ಲಿ ನೀರಿನ ಟ್ರೇ ಇರುತ್ತದೆ. ಅದು ಲೋಳೆಗಟ್ಟಿದ್ದನ್ನು ಕಂಡು, ಅಮ್ಮ ಕಲಿಸಿದಂತೆ ನೀರಿಗೆ ಬ್ಲೀಚ್ ಸುರಿದಳು. ಅದರ ಆವಿಗೆ ಜೀವಕೋಶಗಳು ಸಾಯತೊಡಗಿದವು. ಕಾರಣ ತಿಳಿಯದೆ ಅವುಗಳ ಆಹಾರ ಬದಲಿಸುತ್ತ ಹೋದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೊನೆಗೆ ಅರ್ಧವನ್ನು ಪಕ್ಕದ ಪೆಟ್ಟಿಗೆಯಲ್ಲಿಟ್ಟಳು. ಬ್ಲೀಚ್ ಬೀಳದ ಆ ಪೆಟ್ಟಿಗೆಯಲ್ಲಿದ್ದವು ಬದುಕಿದವು. ತನ್ನ ತಪ್ಪನ್ನು ತಾನೇ ಪತ್ತೆ ಹಚ್ಚಿ ಪುಸ್ತಕದಲ್ಲಿ ಬರೆದಳು.

ವಿಭಾಗದ ಮುಖ್ಯಸ್ಥರಿಗೆ ಆ ಪುಟ ಹಿಡಿಸಲಿಲ್ಲ. "ಇದನ್ನ ಹರಿದು ಹಾಕು. ಬ್ಲೀಚ್ ಸುರಿದೆ ಅಂತ ಹೇಳ್ಕೊಂಡ್ರೆ ಕಾಲೇಜಿನ ಮರ್ಯಾದೆ ಏನಾಗ್ಬೇಕು?" ಎಂದು ನಿನ್ನೆ ಗದರಿದರು. ಅಕ್ಕನ ಕಡೆ ತಿರುಗಿ, "ಬಾಟಲಿ ತೊಳೆಯೋರು ಬಾಟಲಿ ತೊಳೀಲಿ" ಎಂದೂ ಸೇರಿಸಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಎಲ್ಲಿಲ್ಲ?

"ತೊಳೀತಾನೇ ಇದೀನಿ ಸರ್. ಪುಟ ಮಾತ್ರ ಹರಿಯಲ್ಲ" ಎಂದರು ಅಕ್ಕ. ಸಂಜೆಯೊಳಗೆ ನೋಟಿಸು ಬಂತು: ಎಂಟು ಗಂಟೆಗೆ ಮೊದಲು ಪ್ರಯೋಗಾಲಯ ತೆರೆದರೆ ಕ್ರಮ ಕೈಗೊಳ್ಳಲಾಗುವುದು. ಅದನ್ನು ಅಂಟಿಸಿದ ಬಾಗಿಲನ್ನೇ ಇಂದು ಅಕ್ಕ ಆರಕ್ಕೆ ತೆರೆದಿದ್ದಾರೆ. ಕೆಲಸ ಹೋದರೆ? ಎಂದು ಕೇಳುತ್ತೇನೆ. "ಹೆದ್ರಿಕೆ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಇವಳು ನನ್ನ ಹಾಗೆ ಐದು ನಿಮಿಷಕ್ಕೆ ವಾಪಸ್ ಬರ್ಬಾರ್ದು."

ಎಂಟಕ್ಕೆ ಹುಡುಗಿ ಪುಸ್ತಕ ಹಿಡಿದು ಹೊರಡುತ್ತಾಳೆ. ಹನ್ನೊಂದಾಗುತ್ತದೆ, ಹನ್ನೆರಡಾಗುತ್ತದೆ. ಅಕ್ಕ ತೊಳೆದ ಬಾಟಲಿಗಳನ್ನೇ ಮತ್ತೆ ತೊಳೆಯುತ್ತಿದ್ದಾರೆ. ಒಂದು ಗಂಟೆಗೆ ಫೋನ್ ಬರುತ್ತದೆ. ಅವರ ಕೈ ಒದ್ದೆ, ನಾನೇ ಫೋನನ್ನು ಅವರ ಕಿವಿಗೆ ಹಿಡಿಯುತ್ತೇನೆ; ಹುಡುಗಿಯ ದನಿ ನನಗೂ ಕೇಳಿಸುತ್ತದೆ.

"ಅಕ್ಕ, ಮುಕ್ಕಾಲು ಗಂಟೆ ಬ್ಲೀಚಿನ ಪುಟದ ಮೇಲೇ ಕೇಳಿದ್ರು. ತಲೆ ತಗ್ಗಿಸ್ಲಿಲ್ಲ ನಾನು. ತಗೊಂಡ್ರು ಅಕ್ಕ."

"ಅಮ್ಮಂಗೆ ಹೇಳಿದ್ಯಾ? ಮೊದ್ಲು ಅಲ್ಲಿಗೆ ಫೋನ್ ಮಾಡು" ಎಂದಷ್ಟೇ ಹೇಳಿ ಅಕ್ಕ ಸಿಂಕಿನ ಕಡೆ ತಿರುಗುತ್ತಾರೆ. ಬೆನ್ನು ನನ್ನ ಕಡೆಗಿದೆ. ನಲ್ಲಿ ಸುಮ್ಮನೆ ಹರಿಯುತ್ತಿದೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಆ ನೋಟಿಸನ್ನ ಹುಷಾರಾಗಿ ಕಿತ್ಕೊಬೇಕು, ಹರೀಬಾರ್ದು. ಅವಳು ತಂದ್ಮೇಲೆ ತಪ್ಪಿನ ಪುಸ್ತಕದಲ್ಲಿ ಅಂಟಿಸ್ತೀನಿ" ಎನ್ನುತ್ತಾರೆ ಅಕ್ಕ. "ಮುಂದಿನ ವರ್ಷಕ್ಕೆ ಇನ್ನೂ ಆರು ಜನ ಇದಾರೆ. ನಾಳೆ ಆರಕ್ಕೆ ಬಾಗ್ಲು ತೆಗೀತೀನಿ."